ಪಾದ್ರಿಗಳ ಮೇಲಂಗಿಗೆ ಚಕ್ಕುಬಂದಿ

ಕಛೇರಿಯಲ್ಲಿ ಕೂತು ಕೆಲಸ ಮಾಡುವವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಅರ್ಜಿ ಬರೆಸಿಕೊಂಡು, ಸ್ಟಾಂಪು ಹಚ್ಚಿಕೊಂಡು ಬಾಗಿಲಿಗೆ ಬರುತ್ತದೆ. ನಾನು ಗುಮಾಸ್ತನಾಗಿದ್ದ ಅಷ್ಟು ವರ್ಷವೂ ಅದು ಬಂದದ್ದೇ ಬಂದದ್ದು. ಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು ಬಂತು, ಪರ್ಮಿಟ್ಟಿನ ಮೇಜು ನನ್ನ ಕುತ್ತಿಗೆಗೆ ಬಿತ್ತು. ಆಮೇಲಂತೂ ವಾರಕ್ಕೊಂದು ತಮಾಷೆ. ಕಛೇರಿ ಯಾವುದು ಅಂತ ಮಾತ್ರ ಕೇಳಬೇಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರರಲ್ಲಿ ಒಂದು ಅಂದುಕೊಳ್ಳಿ. ಹೆಸರು ಹೇಳಿದರೆ ಉಳಿದ ಎರಡು ಊರಿನವರು "ಇದು ನಮ್ಮಲ್ಲಿ ಯಾಕೆ ಆಗಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಇಲ್ಲಿ ಹೇಳುವುದೆಲ್ಲ ಒಂದೇ ಒಂದು ಬಟ್ಟೆಯ ವಿಚಾರ.

೧. ಮದುವೆಯೋ, ಸಾವೋ?

ರೇಷನ್ನಿನ ಮೇಲೆ ಹೆಚ್ಚಿನ ಬಟ್ಟೆ ಬೇಕಾದರೆ ಪರ್ಮಿಟ್ ಕೊಡುವುದಕ್ಕೆ ನಮ್ಮಲ್ಲಿ ಇದ್ದದ್ದು ಎರಡೇ ಕಾರಣ. ಒಂದು ಮದುವೆ, ಇನ್ನೊಂದು ಸಾವು. ಫಾರಮಿನಲ್ಲಿ ಎರಡೇ ಕಾಲಂ. ಹಾಗಾಗಿ ತಾಲ್ಲೂಕಿನಲ್ಲಿ ಆ ವರ್ಷ ಆದಷ್ಟು ಮದುವೆ, ಆದಷ್ಟು ಸಾವು ಎಂದೂ ಆಗಿರಲಿಲ್ಲ. ಭಂಡಿಗಡಿ ಕಡೆಯ ಒಬ್ಬರು ಒಂದೇ ಅಜ್ಜಿಯನ್ನು ಎರಡು ಸಲ ಸಾಯಿಸಿ, ಮೂರನೇ ಸಲದ ಅರ್ಜಿಗೆ ಆ ಅಜ್ಜಿಯದೇ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದರು. ಇಂಥವರನ್ನು ನೋಡಿ ನೋಡಿ ನನ್ನ ಸಿಟ್ಟು ಮೂಗಿನ ತುದಿಗೇ ಬಂದು ಕೂತಿತ್ತು.

ಒಂದು ದಿನ ಮೇಜಿನ ಮುಂದೆ ಯಾರೋ ಬಂದು ನಿಂತರು. ತಲೆ ಎತ್ತದೆ ಕೇಳಿದೆ:

"ಮದುವೆಗೋ, ಸಾವಿಗೋ?"

"ಎರಡಕ್ಕೂ ಬೇಕು."

"ಮದುವೆ ಯಾರದ್ದು?"

"ಯಾರದ್ದಾದರೂ."

"ಸಾವು?"

"ಅದೂ ಯಾರದ್ದಾದರೂ. ನನಗೆ ಮಾತ್ರ ಸದ್ಯಕ್ಕೆ ಎರಡೂ ಇಲ್ಲ."

ಬೈಯಬೇಕು ಅಂತಲೇ ತಲೆ ಎತ್ತಿದೆ. ನೋಡಿದರೆ ಬಿಳಿ ನಿಲುವಂಗಿ, ಕೆಸರು ಮೆತ್ತಿದ ಬೂಟು, ಕಂಕುಳಲ್ಲಿ ಕೊಡೆ. ಬಸ್ಸಿಳಿದು ನಾಲ್ಕು ಮೈಲಿ ನಡೆದರೆ ಸಿಗುವ ಕಾಫಿ ತೋಟದ ಪಕ್ಕದಲ್ಲಿ ಒಂದು ಪುಟ್ಟ ಇಗರ್ಜಿ ಇತ್ತು, ಅದರ ಪಾದ್ರಿಗಳು. ಮಂಗಳೂರು ಕಡೆಯವರು. ಮಲೆನಾಡಿನ ಜ್ವರಕ್ಕೆ ಹೆದರಿ ಹಿಂದೆ ಬಂದ ನಾಲ್ವರು ಪಾದ್ರಿಗಳು ಘಟ್ಟ ಇಳಿದು ಹೋಗಿದ್ದರು. ಇವರು ಹೋಗಲಿಲ್ಲ. ಜೋಳಿಗೆಯಲ್ಲಿ ಕ್ವಿನೈನ್ ಮಾತ್ರೆ ಹಾಕಿಕೊಂಡು ಯಾರ ಮನೆಯಲ್ಲಿ ಜ್ವರ ಇದ್ದರೂ, ಜಾತಿ ಕೇಳದೆ, ಜಗಲಿಯಲ್ಲಿ ಹೋಗಿ ಕೂರುತ್ತಿದ್ದರು. ನನಗೂ ಒಂದು ಸಲ ಆ ಕಹಿಮಾತ್ರೆ ನುಂಗಿಸಿ ಬದುಕಿಸಿದ್ದರು. ಬೈಗುಳ ಗಂಟಲಲ್ಲೇ ಉಳಿಯಿತು.

ಅವರಿಗೆ ಬೇಕಾಗಿದ್ದದ್ದು ಪೂಜೆಯ ಹೊತ್ತಿನಲ್ಲಿ ಮೇಲಿನಿಂದ ಹೊದೆಯುವ ತೋಳಿಲ್ಲದ ಮೇಲಂಗಿ. ಇದ್ದ ಒಂದೇ ಒಂದು ಹರಿದುಹೋಗಿತ್ತು. ತೆನೆ ಹಬ್ಬಕ್ಕೆ ಬಿಷಪ್ಪರು ಬರುವವರಿದ್ದರು. "ಮೇಲಂಗಿ ಹೊಲಿಸುವುದಕ್ಕೂ ಗತಿಯಿಲ್ಲದ ಇಗರ್ಜಿಗೆ ಪಾದ್ರಿ ಯಾಕೆ, ಅದನ್ನು ಮುಚ್ಚಿ ನಿಮ್ಮನ್ನು ಘಟ್ಟದ ಕೆಳಗೆ ಕರೆಸಿಕೊಳ್ಳುವ ಯೋಚನೆ ಇದೆ" ಅಂತ ಮೊದಲೇ ಕಾಗದ ಬರೆದಿದ್ದರಂತೆ.

"ಹಬ್ಬದೊಳಗೆ ಅಂಗಿ ಆಗದಿದ್ದರೆ ನಾನು ಗಂಟುಮೂಟೆ ಕಟ್ಟುವುದೇ ಮಾರಾಯ್ರೆ," ಅಂದರು. ಮುಖದಲ್ಲಿ ನಗು ಇತ್ತು, ಹೋಗುವ ಮನಸ್ಸು ಮಾತ್ರ ಇರಲಿಲ್ಲ.

ಅಮಲ್ದಾರರ ಹತ್ತಿರ ಕರೆದುಕೊಂಡು ಹೋದೆ. ಅವರು ಮೈಸೂರು ಕಡೆಯವರು, ಒಳ್ಳೆಯವರು. ಆದರೆ ಕಾಲಂ ಬಿಟ್ಟು ಆಚೆ ಒಂದು ಅಕ್ಷರ ಬರೆದವರಲ್ಲ.

"ಏನ್ರೀ, ಇವರು ಮದುವೆ ಆಗೋ ಹಾಗಿಲ್ಲ, ಸತ್ತೂ ಇಲ್ಲ. ಯಾವ ಕಾಲಮಿನಲ್ಲಿ ಕೊಡಲಿ?" ಅಂದರು.

ಪಾದ್ರಿಗಳು ಕೈ ಮುಗಿದರು. "ಮೊದಲನೇದು ಮಾಡಿಕೊಂಡರೆ ಬಿಷಪ್ಪರು ಬಿಡುವುದಿಲ್ಲ. ಎರಡನೇದಕ್ಕೆ ನಾನು ತಯಾರು ಸ್ವಾಮಿ, ಆದರೆ ಹಬ್ಬ ಒಂದು ಮುಗಿದುಹೋಗಲಿ."

೨. ಎರಡು ತೂತು

ಮುಂದಿನ ವಾರ ಪಾದ್ರಿಗಳು ಆ ಹಳೇ ಮೇಲಂಗಿಯನ್ನೇ ಕಾಗದದಲ್ಲಿ ಸುತ್ತಿಕೊಂಡು ಸಾಕ್ಷಿಗೆ ತಂದರು. ಬಡ ಇಗರ್ಜಿಯ ಅಂಗಿ, ಒಂದೇ ಬಟ್ಟೆಯಲ್ಲಿ ಎರಡು ಕೆಲಸ. ಒಂದು ಮಗ್ಗುಲು ಬಿಳಿ, ಹಬ್ಬ ಮದುವೆಗಳಿಗೆ. ತಿರುಗಿಸಿ ತೊಟ್ಟರೆ ಕಪ್ಪು, ಸಾವಿನ ಪೂಜೆಗೆ. ಬಿಳಿ ಮಗ್ಗುಲನ್ನು ಇಲಿ ಎರಡು ಕಡೆ ಕೊರೆದಿತ್ತು. ಸರಿಯಾಗಿ ಬೆನ್ನಿನ ಮೇಲೆ. ಪಾದ್ರಿಗಳು ಆಗೆಲ್ಲ ಜನರಿಗೆ ಬೆನ್ನು ಹಾಕಿಯೇ ಪೂಜೆ ಮಾಡುತ್ತಿದ್ದದ್ದರಿಂದ ಇಡೀ ಇಗರ್ಜಿಗೆ ಕಾಣುತ್ತಿದ್ದದ್ದು ಆ ಬೆನ್ನು ಒಂದೇ.

"ಒಂದು ಮದುವೆಯಲ್ಲಿ ಏನಾಯಿತು ಗೊತ್ತುಂಟಾ?" ಅಂತ ಅವರೇ ಹೇಳಿದರು. "ನಾನು ಅತ್ತ ತಿರುಗಿ ಮಂತ್ರ ಹೇಳುತ್ತಾ ಇದ್ದೇನೆ. ಹಿಂದಿನಿಂದ ಗುಸುಗುಸು. ಬಿಳಿಯ ತೂತಿನಲ್ಲಿ ಸಾವಿನ ಕಪ್ಪು ಇಣುಕುತ್ತಾ ಉಂಟಲ್ಲ, ಮದುಮಗಳ ಅಜ್ಜಿಗೆ ಅದು ಕಂಡಿದೆ. ಅಪಶಕುನ ಅಂತ ಎದೆ ಹೊಡೆದುಕೊಂಡಿದ್ದಾಳೆ. ಸುಮ್ಮನೆ ಕೂರುವ ಅಜ್ಜಿ ಅಲ್ಲ ಅದು. ಎದ್ದು ಬಂದು, ತನ್ನ ತುರುಬಿನ ಮಲ್ಲಿಗೆ ತೆಗೆದು, ಪಿನ್ನು ಸಮೇತ ನನ್ನ ಬೆನ್ನಿಗೆ ಚುಚ್ಚಿಬಿಟ್ಟಳು. ಪೂಜೆಯ ಲತೀನ್ ಭಾಷೆಯಲ್ಲಿ ಇಲ್ಲದ ಒಂದು ಶಬ್ದ ನನ್ನ ಬಾಯಿಂದ ಬಂತು."

"ಆಮೇಲೆ?"

"ಆಮೇಲೆ ಮದುವೆ ಚಂದ ಆಯಿತು. ಆದರೆ ಪಾದ್ರಿಯ ಬೆನ್ನಿಗೆ ಹೂ ಮುಡಿಸಿದರೆ ಪುಣ್ಯ ಅಂತ ಊರಿಡೀ ಸುದ್ದಿ. ಮುಂದಿನ ಭಾನುವಾರ ನೋಡಿದರೆ ತೂತು ಎರಡು, ಹೂ ಹಿಡಿದು ನಿಂತ ಹೆಂಗಸರು ಹದಿನಾಲ್ಕು. ಉಳಿದ ಹನ್ನೆರಡು ಮಂದಿಗೆ ನಾನು ತೂತು ಎಲ್ಲಿಂದ ತರುವುದು ಹೇಳಿ?"

೩. ಆ ಹೆಸರು ಎಲ್ಲಿಂದ ಬಂತು

ನಾನೇ ಅರ್ಜಿ ಬರೆದೆ. ಪಾದ್ರಿಗಳು ಆ ಅಂಗಿಯ ಹೆಸರು 'ಕಾಸುಲ' ಅಂದರು, ಹಾಗೇ ಬರೆದೆ. ಅಮಲ್ದಾರರು ಕೆಂಪು ಶಾಯಿಯಲ್ಲಿ, "ಕಾಸುಲ ಎಂದರೇನು? ಪದದ ಮೂಲ, ಅರ್ಥಗಳೊಂದಿಗೆ ಪುನಃ ಹಾಜರುಪಡಿಸತಕ್ಕದ್ದು" ಅಂತ ಬರೆದು ವಾಪಸು ಎಸೆದರು. ಪದದ ಮೂಲ ಹುಡುಕುವುದು ಯಾವ ಗುಮಾಸ್ತನ ಕೆಲಸ ಸ್ವಾಮಿ? ನನಗೆ ಮೈ ಉರಿಯಿತು.

ಅದೇ ಹೊತ್ತಿಗೆ ಮೆಣಸೆ ಕಡೆಯ ಸಂಸ್ಕೃತ ಪಂಡಿತರೊಬ್ಬರು ಮಗಳ ಮದುವೆಯ ಪರ್ಮಿಟ್ಟಿಗೆ ಬಂದು ಕಛೇರಿ ಜಗಲಿಯಲ್ಲಿ ಕೂತಿದ್ದರು. ಜಗತ್ತಿನಲ್ಲಿರುವ ಶಬ್ದವೆಲ್ಲ ಸಂಸ್ಕೃತದಿಂದ ಬಂದದ್ದು, ಬರದೆ ಇದ್ದರೆ ಅದು ಶಬ್ದದ ತಪ್ಪು ಅನ್ನುವ ಪೈಕಿ. ಹೋಗಿ ಕೇಳಿದೆ.

"ಇದರಲ್ಲಿ ಎಂತ ಕಷ್ಟ ಇದೆ ಮಾರಾಯ?" ಅಂದರು ಕಣ್ಣು ಮುಚ್ಚಿಕೊಂಡೇ. "ಕಾಷಾಯ. ಸನ್ಯಾಸಿಗಳು ಉಡುವುದು. ಅದು ಸಮುದ್ರ ದಾಟಿ ಹೋಗುವಾಗ ಉಪ್ಪುನೀರು ತಾಗಿ ಬಣ್ಣ ಹೋಯಿತು, ಅಕ್ಷರವೂ ಹೋಯಿತು. ಕಾಸುಲ ಆಯಿತು. ಬರಕೊ."

ಪಕ್ಕದಲ್ಲೇ ಕೂತಿದ್ದ ಪಾದ್ರಿಗಳು ಮೆಲ್ಲಗೆ, "ಕ್ಷಮಿಸಬೇಕು ಪಂಡಿತರೇ. ಲತೀನಿನಲ್ಲಿ 'ಕಾಸ' ಅಂದರೆ ಮನೆ. 'ಕಾಸುಲ' ಅಂದರೆ ಪುಟ್ಟ ಮನೆ, ಗುಡಿಸಲು," ಅಂದರು.

ಪಂಡಿತರ ಕಣ್ಣು ತೆರೆಯಿತು. "ಮನೆಯಾ? ಮನೆಯನ್ನು ಯಾರಾದರೂ ಹೊದೆಯುತ್ತಾರಾ?"

ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಳದಲ್ಲಿ ಒಬ್ಬ ಗದ್ದೆ ಕೆಲಸದ ಆಳು ಯಾರಿಗೋ ಕಾಯುತ್ತಾ ಕಂಬಳಿ ಕೊಪ್ಪೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಕಂಬಳಿಯನ್ನು ಮಡಿಸಿ ತಲೆಯಿಂದ ಇಳಿಬಿಟ್ಟುಕೊಂಡರೆ ಮೈಯೆಲ್ಲ ಒಳಗೇ ಇರುತ್ತದಲ್ಲ, ಹಾಗೆ. ಕಾಲಿಲ್ಲ, ಕೈಯಿಲ್ಲ, ತುದಿಯಲ್ಲಿ ಒಂದು ಬೀಡಿ ಮಾತ್ರ ಹೊಗೆಯಾಡುತ್ತಿತ್ತು.

ಪಾದ್ರಿಗಳು ಅವನನ್ನು ತೋರಿಸಿದರು. "ನೋಡಿ, ಅಲ್ಲೊಂದು ಮನೆ ಕೂತಿದೆ. ಒಲೆಯೂ ಹೊತ್ತಿದೆ."

ಆಮೇಲೆ ವಿವರಿಸಿದರು. ಬಹಳ ಹಿಂದೆ ರೋಮಿನ ಕಡೆ ಹೊಲದಾಳುಗಳು, ದಾರಿ ನಡೆಯುವವರು ಮಳೆಗೂ ಚಳಿಗೂ ದಪ್ಪ ಬಟ್ಟೆಯೊಂದನ್ನು ಹೊದೆಯುತ್ತಿದ್ದರಂತೆ. ನಡುವೆ ತಲೆ ತೂರಿಸುವುದಕ್ಕೆ ಒಂದು ತೂತು, ಉಳಿದಂತೆ ಸುತ್ತಲೂ ಮುಚ್ಚಿದ್ದು. ಒಳಗಿರುವವನಿಗೆ ಗುಡಿಸಲಿನಲ್ಲಿದ್ದ ಹಾಗೆ. ಅದಕ್ಕೇ ಜನ ಅದನ್ನು ಪುಟ್ಟ ಮನೆ ಅಂದರು. ಆಗಿನ ಪಾದ್ರಿಗಳೂ ಎಲ್ಲರಂತೆ ಅದನ್ನೇ ಹೊದೆದು ಪೂಜೆ ಮಾಡಿದರು. ಕಾಲ ಕಳೆದ ಹಾಗೆ ಊರಿನವರು ಬೇರೆ ಬಟ್ಟೆ ತೊಟ್ಟರು, ಪಾದ್ರಿಗಳು ಮಾತ್ರ ಬಿಡಲಿಲ್ಲ. ಅದಕ್ಕೆ ರೇಷ್ಮೆ ಬಂತು, ಜರಿ ಬಂತು. ಹೆಸರು ಮಾತ್ರ ಅದೇ ಉಳಿಯಿತು.

ಪಂಡಿತರು ಅಂಗಳದ ಕಂಬಳಿಯ ಕಡೆ ಕತ್ತು ಚಾಚಿ ನೋಡಿದರು. ಕೊನೆಗೆ, "ಹಾಗಾದರೆ ನಿಮ್ಮ ಪೂಜೆಯ ಮಡಿ ಅಂದರೆ ಕೂಲಿಯವನ ಕಂಬಳಿ," ಅಂದರು.

"ಹೌದು. ಅದಕ್ಕೇ ನನಗೆ ಅದನ್ನು ಕಂಡರೆ ಇಷ್ಟ," ಅಂದರು ಪಾದ್ರಿಗಳು.

ಆ ಮಾತು ಪಂಡಿತರಿಗೆ ನಾಟಿತು, ನನಗೂ. ಆದರೂ ಪಂಡಿತರು ಸುಲಭಕ್ಕೆ ಸೋಲುವವರಲ್ಲ. ಅಂಗಳದ ಆಳನ್ನೇ ಕೂಗಿ, "ಏ ಮಾರಾಯ, ನೀನು ಹೊದ್ದದ್ದು ಮನೆಯೋ, ಕಂಬಳಿಯೋ? ಸರಿಯಾಗಿ ಹೇಳು," ಅಂತ ಪಂಚಾಯ್ತಿಗೆ ಕರೆದರು.

ಅವನು ಬೀಡಿ ಕೆಳಗಿಟ್ಟು ಯೋಚನೆ ಮಾಡಿದ. "ಕಂಬ್ಳಿಯೇ ಅಯ್ಯಾ," ಅಂದ. ಪಂಡಿತರು ಗೆದ್ದವರ ಹಾಗೆ ನಮ್ಮ ಕಡೆ ತಿರುಗುವಷ್ಟರಲ್ಲಿ ಅವನು ಮಾತು ಮುಂದುವರಿಸಿದ: "ಆದ್ರೆ ಮನೆಗಿಂತ ಇದೇ ವಾಸಿ. ಮನೆ ಸೋರ್ತದೆ, ಇದು ಸೋರದಿಲ್ಲ."

೪. ಸ್ಥಳ ತನಿಖೆ

ಪದದ ಮೂಲ, ಅರ್ಥ ಎಲ್ಲ ಬರೆದು ಮತ್ತೆ ಫೈಲು ಮಂಡಿಸಿದೆ. ಅಮಲ್ದಾರರು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಸರಿ, ಅರ್ಥ ಆಯ್ತು. ಹಳೇದು ಹರಿದಿದೆ ಅನ್ನೋದಕ್ಕೆ ಏನ್ರೀ ಆಧಾರ?"

"ಅಂಗಿಯನ್ನೇ ತಂದು ತೋರಿಸಿದ್ದಾರೆ ಸ್ವಾಮಿ. ನನ್ನ ಕಪಾಟಿನಲ್ಲೇ ಇದೆ."

"ಇಲ್ಲಿ ನೋಡಿದ್ರೆ ಅದು ಸ್ಥಳ ತನಿಖೆ ಹ್ಯಾಗಾಗತ್ತೆ? ಅದು ಇರೋ ಸ್ಥಳದಲ್ಲಿ ನೋಡಬೇಕು. ಶಾನುಭೋಗರಿಂದ ಮಹಜರು ತರಿಸಿ."

ಹಬ್ಬಕ್ಕೆ ಇನ್ನು ಹತ್ತೇ ದಿನ. ಹೀಗೆ, ತನಿಖೆಗೆಂದು ಬಂದಿದ್ದ ಅಂಗಿಯನ್ನು ತನಿಖೆ ಮಾಡುವುದಕ್ಕಾಗಿ ನಾನೇ ಕಂಕುಳಲ್ಲಿಟ್ಟುಕೊಂಡು ನಾಲ್ಕು ಮೈಲಿ ನಡೆದು ಅದರ ಸ್ಥಳಕ್ಕೆ ಮುಟ್ಟಿಸಿ ಬಂದೆ.

೫. ನಾಲ್ಕು ದಿಕ್ಕು

ಆ ಹಳ್ಳಿಯ ಶಾನುಭೋಗರು ಅರವತ್ತು ದಾಟಿದವರು. ಲೇಖನಿ ಕಿವಿಯ ಮೇಲೆ, ಕನ್ನಡಕ ಹಣೆಯ ಮೇಲೆ, ಮುಖದಲ್ಲಿ ನಗು ಅನ್ನುವುದು ಎಂದೂ ಇಲ್ಲ. ಜಮೀನೋ ಮನೆಯೋ ಕಣ್ಣಿಗೆ ಬಿದ್ದರೆ ಮೊದಲು ಬರೆಯುವುದು ಚಕ್ಕುಬಂದಿ. ಅಂದರೆ ನಾಲ್ಕು ದಿಕ್ಕಿನಲ್ಲಿ ಯಾವ ಯಾವ ಗಡಿ ಇದೆ ಅನ್ನುವುದು. ಅದಿಲ್ಲದೆ ಅವರು ಜೀವಮಾನದಲ್ಲಿ ಒಂದು ಕಾಗದ ಮುಗಿಸಿದವರಲ್ಲ.

ಬಟ್ಟೆಯ ಮಹಜರಿಗೆ ಅಚ್ಚು ಹಾಕಿದ ಫಾರಂ ಇರಲಿಲ್ಲ. ಯುದ್ಧದಿಂದ ಕಾಗದಕ್ಕೂ ತತ್ವಾರ. ಅವರ ಪೆಟ್ಟಿಗೆಯಲ್ಲಿ ಬೇಕಾದಷ್ಟು ಇದ್ದದ್ದು ಒಂದೇ: ಹಳೇ ಮನೆ ರಿಪೇರಿಗೆ ಕಾಡಿನ ಮರ ಕೇಳುವ ರೈತರ ಫಾರಮ್ಮು. ನಾನು ಅಂಗಿ ತಲುಪಿಸಲು ಹೋದ ದಿನವೇ ಅವರೂ ಬಂದಿದ್ದರು. ನನ್ನ ಹತ್ತಿರ ಆ ಶಬ್ದದ ಕಥೆ ಕೇಳಿದರು. ಹಣೆಯ ಕನ್ನಡಕ ಮೂಗಿಗೆ ಇಳಿಯಿತು.

"ಪುಟ್ಟ ಮನೆಯಾ? ಮತ್ತೆಂತ ಚಿಂತೆ? ಇದೇ ಫಾರಂ ಆಗ್ತದೆ," ಅಂದು 'ಮರ' ಅನ್ನುವುದನ್ನು ಹೊಡೆದುಹಾಕಿ 'ಬಟ್ಟೆ' ಅಂತ ಬರೆದರು.

ಮಹಜರಿಗೆ ಪಂಚರು ಬೇಕಲ್ಲ. ತೋಟದ ನಾಲ್ವರು ಸಿಕ್ಕಿದರು. ಐದನೆಯವರಾಗಿ ಪಂಡಿತರೇ ಬಂದಿದ್ದರು. ಪದದ ಮೂಲ ತಿಳಿದಾಯಿತು, ಪದಾರ್ಥವನ್ನೂ ನೋಡಬೇಕು ಅಂತ ಹಟ ಹಿಡಿದು ಮೆಣಸೆಯಿಂದ ಬಸ್ಸಿನಲ್ಲಿ ಬಂದಿದ್ದರು. ಇಗರ್ಜಿ ಅಂಗಳದಲ್ಲಿ ಪಾದ್ರಿಗಳು ಹರಿದ ಅಂಗಿ ತೊಟ್ಟು ಪೂಜೆಗೆ ನಿಲ್ಲುವ ಹಾಗೆ ಪೂರ್ವಕ್ಕೆ ಮುಖ ಮಾಡಿ ನಿಂತರು. ಶಾನುಭೋಗರು ಅವರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರೆಯತೊಡಗಿದರು, ಬರೆದದ್ದನ್ನು ಗಟ್ಟಿಯಾಗಿ ಓದುತ್ತಾ.

"ಚಕ್ಕುಬಂದಿ. ಪೂರ್ವಕ್ಕೆ ದೇವರ ಪೀಠ. ಪಶ್ಚಿಮಕ್ಕೆ ಭಕ್ತರು. ಉತ್ತರಕ್ಕೆ ಪಾದ್ರಿಗಳ ಎಡಗೈ. ದಕ್ಷಿಣಕ್ಕೆ ಸದರಿಯವರ ಬಲಗೈ. ಕೈ ಆಡಿಸಬೇಡಿ ಸ್ವಾಮಿ, ಗಡಿ ತಪ್ತದೆ."

ಪಾದ್ರಿಗಳು ಕೈ ಬಿಗಿಹಿಡಿದರು.

"ಬಾಗಿಲು ಒಂದು, ಮೇಲ್ಗಡೆ, ತಲೆ ತೂರುವಷ್ಟು. ಕಿಟಕಿ ಎರಡು, ಹಿಂಭಾಗದಲ್ಲಿ, ಇಲಿ ಇಟ್ಟದ್ದು. ಗೋಡೆ ಜೀರ್ಣ. ವಾಸ ಇರುವವರು ಒಬ್ಬರು. ಎಷ್ಟು ವರ್ಷದಿಂದ?"

"ಹನ್ನೊಂದು," ಅಂದರು ಪಾದ್ರಿಗಳು ಅಲುಗದೆ.

"ಮನೆ ಅಂತ ಬರೀಬೇಡಿ ಶಾನುಭೋಗರೇ, ಗುಡಿಸಲು ಅಂತ ಬರೀರಿ," ಅಂತ ಪಂಡಿತರು ಅಡ್ಡ ಬಂದರು. "ಲತೀನಿನಲ್ಲಿ ಅದು ಚಿಕ್ಕದು ಅಂತಲೇ ಇದೆ. ಶಬ್ದಕ್ಕೆ ಅನ್ಯಾಯ ಆಗಬಾರದು."

ಅವತ್ತು ಜಗಲಿಯಲ್ಲಿ ಕಾಷಾಯ ಅಂದವರು ಈಗ ಲತೀನಿನ ಪರ ವಕಾಲತ್ತು! ಆದರೆ ಶಾನುಭೋಗರು ಜಗ್ಗಲಿಲ್ಲ.

"ಗುಡಿಸಲಿಗೆ ಸರ್ಕಾರದಿಂದ ಎಂತದೂ ಸಿಗದಿಲ್ಲ ಪಂಡಿತ್ರೆ. ನಿಮ್ಮ ಶಬ್ದ ಉಳೀಬೇಕಾ, ಪಾದ್ರಿಗಳು ಉಳೀಬೇಕಾ?"

ಪಂಡಿತರು ಒಂದು ಗಳಿಗೆ ಪಾದ್ರಿಗಳ ಬೆನ್ನಿನ ಎರಡು ಕಿಟಕಿ ನೋಡಿದರು. ಲೇಖನಿ ತೆಗೆದುಕೊಂಡು ರುಜು ಹಾಕಿದರು.

ಮಾರನೇ ದಿನ ಅಮಲ್ದಾರರ ಮುಂದೆ ಮಹಜರು ಇಟ್ಟು ಪಕ್ಕಕ್ಕೆ ನಿಂತೆ. ಓದುತ್ತಾ ಓದುತ್ತಾ ಅವರ ಮೀಸೆ ಕುಣಿಯತೊಡಗಿತು.

"ಏನ್ರೀ ಇದು? ಮನೆಯೋ, ಬಟ್ಟೆಯೋ?"

"ಹುಟ್ಟಿದ್ದು ಮನೆಯಾಗಿ, ಬೆಳೆದದ್ದು ಬಟ್ಟೆಯಾಗಿ ಸ್ವಾಮಿ."

ಅವರು ಫಾರಮನ್ನು ಮೇಲಿನಿಂದ ಕೆಳಗೆ ನೋಡಿದರು. ಒಂದು ಕಾಲಮೂ ಖಾಲಿ ಇರಲಿಲ್ಲ. ಎಲ್ಲ ಕಾಲಂ ತುಂಬಿದ ಕಾಗದವನ್ನು ಅವರು ಜನ್ಮದಲ್ಲಿ ತಿರಸ್ಕರಿಸಿದವರಲ್ಲ. "ಇಷ್ಟು ಚೆನ್ನಾಗಿ ತುಂಬಿದ ಫಾರಂ ನಾನು ಮನೆಗಳಿಗೂ ನೋಡಿಲ್ಲ," ಅಂದು ಆರು ಗಜ ಬಿಳಿ ಲಾಂಗ್‌ಕ್ಲಾತಿಗೆ ಅದರ ಮೇಲೇ ಆರ್ಡರು ಬರೆದು ರುಜು ಹಾಕಿಬಿಟ್ಟರು. ಆ ಆರ್ಡರನ್ನು ಹಿಡಿದುಕೊಂಡು ನಾನು ಪಾದ್ರಿಗಳ ಹತ್ತಿರ ಹೆಚ್ಚುಕಮ್ಮಿ ಓಡಿಯೇ ಹೋದೆ. ಗುಮಾಸ್ತನಾಗಿ ಅಷ್ಟು ಸಂತೋಷಪಟ್ಟದ್ದು ಮತ್ತೆ ನೆನಪಿಲ್ಲ.

೬. ಬಿಷಪ್ಪರ ಮುಂದೆ

ತೆನೆ ಹಬ್ಬದ ದಿನ ಬಿಸಿಲು ಬಂತು. ಹೊಸ ಭತ್ತದ ತೆನೆ ಹಿಡಿದ ಮಕ್ಕಳ ಮುಂದೆ ಪಾದ್ರಿಗಳು ಹೊಸ ಮೇಲಂಗಿಯಲ್ಲಿ ಬೆಳ್ಳಗೆ ನಡೆದು ಬಂದರು. ತೋಟದ ಹೆಂಗಸರು ಅದರ ಅಂಚಿಗೆ ಹಳದಿ ನೂಲಿನಲ್ಲಿ ತೆನೆಯ ಚಿತ್ರ ಹಾಕಿದ್ದರು. ನಾನು, ಪಂಡಿತರು, ಶಾನುಭೋಗರು ಅಂಗಳದ ತುದಿಯಲ್ಲಿ ಮಗಳ ಮದುವೆಯಲ್ಲಿ ನಿಂತವರ ಹಾಗೆ ನಿಂತಿದ್ದೆವು.

ಪೂಜೆ ಮುಗಿದ ಮೇಲೆ ಬಿಷಪ್ಪರು ಹೊರಗೆ ಬಂದರು. ಅಂಗಿಯ ಅಂಚು ಹಿಡಿದು ನೋಡಿ, ಈ ಕಾಲದಲ್ಲಿ ಇಂಥ ಬಟ್ಟೆ ಎಲ್ಲಿಂದ ಬಂತು ಅಂತ ಕೇಳಿದರು. ಪಾದ್ರಿಗಳು ನಮ್ಮನ್ನು ತೋರಿಸಿ ಮಹಜರಿನ ಕಥೆ ಎಲ್ಲ ಹೇಳಿದರು. ಇಲಿ ಇಟ್ಟ ಕಿಟಕಿಗೆ ಬರುವಷ್ಟರಲ್ಲಿ ಬಿಷಪ್ಪರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಗು ನಿಂತ ಮೇಲೆ ಅವರು ಗಂಭೀರವಾದರು. "ಎಲ್ಲ ಸರಿ. ಇಂಥ ಕೆಲಸದ ಪಾದ್ರಿಯನ್ನು ಕಾಡಿನಲ್ಲಿ ಬಿಟ್ಟರೆ ಹೇಗೆ? ಘಟ್ಟದ ಕೆಳಗೆ ದೊಡ್ಡ ಇಗರ್ಜಿಯೊಂದು ಖಾಲಿ ಉಂಟು. ಮುಂದಿನ ತಿಂಗಳು ಇವರನ್ನು ಕರೆದುಕೊಂಡು ಹೋಗುತ್ತೇನೆ."

ಪಾದ್ರಿಗಳ ಮುಖ ಬಿಳಿಚಿತು. ಹರಿದ ಅಂಗಿಗೆ ಹೆದರಿದ್ದೆವು, ಈಗ ಹೊಸ ಅಂಗಿಯೇ ಅವರನ್ನು ಕೊಂಡೊಯ್ಯುವ ಹಾಗಾಯಿತಲ್ಲ! ತೋಟದವರು ಮುಖ ಮುಖ ನೋಡಿಕೊಂಡರು. ಒಂದು ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಗ ಶಾನುಭೋಗರು ಮುಂದೆ ಬಂದರು.

"ಅದು ಆಗದಿಲ್ಲ ಸ್ವಾಮಿ," ಅಂದರು.

ಬಿಷಪ್ಪರಿಗೆ ಹಾಗೆ ಹೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ ಅಂತ ಕಾಣುತ್ತದೆ. "ಯಾಕೆ ಆಗುವುದಿಲ್ಲ?" ಅಂದರು ಹುಬ್ಬು ಏರಿಸಿ.

ಶಾನುಭೋಗರು ಕೋಟಿನ ಒಳಜೇಬಿನಿಂದ ಅಮಲ್ದಾರರು ಆರ್ಡರು ಬರೆದ ಫಾರಮಿನ ನಕಲು ತೆಗೆದರು, ಕನ್ನಡಕ ಇಳಿಸಿದರು, ಮನೆ ರಿಪೇರಿಯ ಆ ಫಾರಮಿನ ಕೊಟ್ಟಕೊನೆಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಷರತ್ತಿನ ಮೇಲೆ ಬೆರಳಿಟ್ಟರು. ನಾನಾಗಲಿ, ಅಮಲ್ದಾರರಾಗಲಿ ಅದನ್ನು ಓದಿಯೇ ಇರಲಿಲ್ಲ. ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ಕಛೇರಿಯ ಧಾಟಿಯಲ್ಲಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಓದಿದರು:

"ರಿಪೇರಿಯಾದ ಸದರಿ ಮನೆಯಿಂದ, ಹಾಲಿ ವಾಸವಿರುವವರನ್ನು ಯಾವ ಕಾರಣಕ್ಕೂ ಒಕ್ಕಲೆಬ್ಬಿಸತಕ್ಕದ್ದಲ್ಲ."